ದಿನಕ್ಕೊಂದು ಚಿತ್ರ: ಬೆಂಗಳೂರಿನ ದಿನಚರಿಯಿಂದ ಬದುಕನ್ನು ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

ದಿನಕ್ಕೊಂದು ಚಿತ್ರ ತೆಗೆಯಬೇಕೆಂದು ಸಂಕಲ್ಪ ಮಾಡಿದವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಅದನ್ನು ಕೈಬಿಡುತ್ತಾರೆ, ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಾರೆ. ನಿಜವಾದ ಕಾರಣ ಬೇರೆ ಇದೆ ಎಂದು ನನಗೆ ಅನ್ನಿಸುತ್ತದೆ. ಅವರು ಪ್ರತಿದಿನವೂ ಸುಂದರವಾದದ್ದೊಂದನ್ನು ಹುಡುಕುತ್ತಿರುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಸಿಕ್ಕಿಹಾಕಿಕೊಂಡು ಆಫೀಸಿಗೆ ಹೋಗಿ, ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಮನೆಗೆ ಮರಳುವವರಿಗೆ ಅಂಥದ್ದು ದಿನವೂ ಎದುರಾಗುವುದಿಲ್ಲ. ಇಲ್ಲಿ ವಿವರಿಸುತ್ತಿರುವ ಅಭ್ಯಾಸದಲ್ಲಿ ಚೆಂದಕ್ಕೆ ಎರಡನೆಯ ಸ್ಥಾನ. ದಿನಕ್ಕೊಂದು ಚಿತ್ರ, ಅದರ ಜೊತೆಗೆ ಒಂದೆರಡು ವಾಕ್ಯ, ತಿಂಗಳಿಗೊಮ್ಮೆ ಎಲ್ಲವನ್ನೂ ಹರಡಿಕೊಂಡು ನೋಡುವುದು ಎಂಬ ಮೂರು ಕೆಲಸಗಳಲ್ಲಿ, ಕಲಿಕೆಯ ದೊಡ್ಡ ಪಾಲು ಆಗುವುದು ಕೊನೆಯ ಎರಡರಲ್ಲಿ. ನಾವು ಯಾವುದಕ್ಕೆ ಗಮನ ಕೊಡುತ್ತಿದ್ದೇವೆಂದು ನಂಬಿರುತ್ತೇವೋ ಅದಕ್ಕೂ, ನಿಜವಾಗಿ ಯಾವುದಕ್ಕೆ ಕೊಡುತ್ತಿದ್ದೇವೋ ಅದಕ್ಕೂ ಇರುವ ಅಂತರವನ್ನು ಈ ಅಭ್ಯಾಸ ಮುಲಾಜಿಲ್ಲದೆ ತೋರಿಸಿಕೊಡುತ್ತದೆ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಹವ್ಯಾಸವಲ್ಲ. ನ್ಯೂಯಾರ್ಕಿನ ಜೇಮೀ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ ಚಿತ್ರ ತೆಗೆಯಲು ಆರಂಭಿಸಿದರು. 1997ರ ಅಕ್ಟೋಬರ್ 25ರಂದು, ತಮ್ಮ 41ನೆಯ ಹುಟ್ಟುಹಬ್ಬದ ದಿನವೇ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಅದನ್ನು ಮುಂದುವರಿಸಿದರು. ಉಳಿದಿರುವ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಗೆಳೆಯರು, ಊಟದ ಮೇಜು, ರಸ್ತೆ, ಕೋಣೆ ಇಂಥವೇ. ಒಂದೊಂದನ್ನೇ ನೋಡಿದರೆ ಸಾಧಾರಣವೆನಿಸುವ ಈ ಚಿತ್ರಗಳು ಸಾಲಾಗಿ ಇಟ್ಟಾಗ ಒಬ್ಬ ಮನುಷ್ಯನ ಬದುಕೇ ಆಗಿ ಕಾಣುತ್ತವೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಸಾಧನ, ಕಾಲಳತೆಯ ಪ್ರದೇಶ

ಹೊಸ ಕ್ಯಾಮೆರಾ ಕೊಳ್ಳಬೇಡಿ. ಸದಾ ಜೊತೆಗಿರುವ ಮೊಬೈಲೇ ಸಾಕು. ಬೆರಳಿನ ಎಣ್ಣೆ ಹತ್ತಿದ ಲೆನ್ಸಿನಿಂದ ಚಿತ್ರ ಮಂಕಾಗುತ್ತದೆ, ಬೀದಿದೀಪಗಳ ಸುತ್ತ ಬೆಳಕು ಹರಡಿಕೊಳ್ಳುತ್ತದೆ. ಆದ್ದರಿಂದ ತೆಗೆಯುವ ಮೊದಲು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿಕೊಳ್ಳಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ, ಫ್ಲ್ಯಾಶ್ ಆಫ್ ಮಾಡಿ, ಮುಖವನ್ನು ನುಣುಪಾಗಿಸುವ ಬ್ಯೂಟಿ ಮೋಡ್ ಮತ್ತು ಬಣ್ಣದ ಫಿಲ್ಟರುಗಳನ್ನು ತೆಗೆದುಹಾಕಿ. ಬೆರಳುಗಳಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಚಿತ್ರದ ವಿವರಗಳನ್ನು ಕೆಡಿಸುವುದರಿಂದ, ಹತ್ತಿರ ಬೇಕಾದಾಗ ನೀವೇ ನಾಲ್ಕು ಹೆಜ್ಜೆ ಮುಂದೆ ಹೋಗುವ ರೂಢಿ ಮಾಡಿಕೊಳ್ಳಿ.

ಅನಂತರ ಒಂದು ಸೀಮೆಯನ್ನು ಗೊತ್ತುಮಾಡಿಕೊಳ್ಳಿ. ಮನೆಯಿಂದ ನಡೆದು ಹೋಗಬಹುದಾದ ಒಂದು ಕಿಲೋಮೀಟರಿನ ಒಳಗೆ, ಇಲ್ಲವೇ ದಿನವೂ ಓಡಾಡುವ ಒಂದೇ ದಾರಿಯಲ್ಲಿ ಇಡೀ ಮೊದಲ ತಿಂಗಳನ್ನು ಕಳೆಯಿರಿ. ಮಲ್ಲೇಶ್ವರದ 8ನೇ ಕ್ರಾಸಿನವರಿಗೆ, ಬಸವನಗುಡಿಯವರಿಗೆ ಇದು ಸುಲಭ ಎಂದು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಹೇಳುವುದುಂಟು. ಆದರೆ ಬೇಸ್‌ಮೆಂಟಿನ ಪಾರ್ಕಿಂಗ್, ಗೇಟಿನ ಸೆಕ್ಯುರಿಟಿ ಕ್ಯಾಬಿನ್, ಇಸ್ತ್ರಿ ಮಾಡುವವರ ತಳ್ಳುಗಾಡಿ, ನೀರಿನ ಟ್ಯಾಂಕರ್ ಬಂದು ನಿಲ್ಲುವ ಮೂಲೆ ಇಷ್ಟೇ ಇದ್ದರೂ ಒಂದು ತಿಂಗಳಿಗೆ ಧಾರಾಳವಾಯಿತು. ಸೀಮೆ ಚಿಕ್ಕದಾದಷ್ಟೂ ಹೊಸ ಜಾಗ ಹುಡುಕುವ ಚಪಲ ಕಡಿಮೆಯಾಗಿ, ಇರುವ ಜಾಗವನ್ನು ಮತ್ತೆ ನೋಡುವುದು ಅನಿವಾರ್ಯವಾಗುತ್ತದೆ.

ಎರಡನೆಯ ಹೆಜ್ಜೆ: ಹೊತ್ತು ಗೊತ್ತುಮಾಡಿಕೊಳ್ಳುವುದು

ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸದ ಬೆನ್ನಿಗೆ ಈ ಅಭ್ಯಾಸವನ್ನು ಕಟ್ಟಿ. ಹಾಲು ತರಲು ಹೋಗುವಾಗ, ಮೊದಲ ಲೋಟ ಕಾಫಿ ಮುಗಿಸಿದಾಗ, ಬಸ್ಸಿಗೆ ಕಾಯುವಾಗ, ಮಗುವನ್ನು ಶಾಲೆಗೆ ಬಿಟ್ಟು ತಿರುಗಿದಾಗ: ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಸಂಜೆ ನೋಡೋಣ ಎಂದು ಮುಂದೂಡಿದ ಚಿತ್ರ ರಾತ್ರಿ ಮಲಗುವ ಮೊದಲು ಆತುರದಲ್ಲಿ ತೆಗೆದ ದಿಂಬಿನ ಚಿತ್ರವಾಗುವುದೇ ಹೆಚ್ಚು.

ಬೆಂಗಳೂರಿನಲ್ಲಿ ಇರುವವರಿಗೆ ಇದರಲ್ಲೊಂದು ಅನುಕೂಲವಿದೆ. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು ಸಮಭಾಜಕ ವೃತ್ತಕ್ಕೆ ಹತ್ತಿರವಾಗಿರುವುದರಿಂದ, ಸೂರ್ಯೋದಯದ ವೇಳೆ ವರ್ಷವಿಡೀ ಬೆಳಿಗ್ಗೆ ಆರಕ್ಕೆ ಸ್ವಲ್ಪ ಮೊದಲಿನಿಂದ ಆರೂಮುಕ್ಕಾಲರ ತನಕ, ಸೂರ್ಯಾಸ್ತ ಸಂಜೆ ಆರಕ್ಕೆ ಸ್ವಲ್ಪ ಮೊದಲಿನಿಂದ ಏಳಕ್ಕೆ ಹತ್ತು ನಿಮಿಷವಿರುವ ತನಕ ಮಾತ್ರ ಅತ್ತಿತ್ತ ಸರಿಯುತ್ತದೆ. ಹೀಗಾಗಿ ಬೆಳಿಗ್ಗೆ ಏಳೂವರೆ ಎಂದು ಗೊತ್ತುಮಾಡಿಕೊಂಡರೆ ಜನವರಿಯಲ್ಲೂ ಜೂನಿನಲ್ಲೂ ಓರೆಯಾದ ಮೆದು ಬಿಸಿಲೇ, ಇಲ್ಲವೇ ಮೋಡದ ಬೆಳಕೇ ಸಿಗುತ್ತದೆ. ಬೆಳಕು ಹೆಚ್ಚು ಬದಲಾಗದೆ ಇರುವಾಗ ಜಾಗದಲ್ಲಿ ಆಗುವ ಬದಲಾವಣೆ ಎದ್ದು ಕಾಣುತ್ತದೆ.

ನಡುಹಗಲಿನ ಬಿಸಿಲನ್ನು ಛಾಯಾಗ್ರಾಹಕರು ಸಾಮಾನ್ಯವಾಗಿ ದೂರವಿಡುತ್ತಾರೆ. ಆದರೂ ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಹನ್ನೆರಡೂ ಕಾಲು ದಾಟಿದಾಗ ಹೊರಗೆ ಬನ್ನಿ. ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಂತು, ನೆಟ್ಟಗಿರುವ ಕಂಬದ ನೆರಳು ಅದರ ಬುಡದಲ್ಲೇ ಕರಗಿಹೋಗುವ ಶೂನ್ಯ ನೆರಳಿನ ದಿನಗಳು ಅವು. ಮಕ್ಕಳಿರುವ ಮನೆಯಲ್ಲಿ ಒಂದು ಸ್ಟೀಲ್ ಲೋಟವನ್ನು ತಾರಸಿಯ ಮೇಲೆ ಬೋರಲಾಗಿ ಇಟ್ಟು ಇದನ್ನು ಚಿತ್ರೀಕರಿಸಬಹುದು. ಗವಿಪುರದ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದು ಬಂದ ಬಿಸಿಲು ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ನೆರೆಯುತ್ತಾರೆ. ವರ್ಷದ ಯಾವ ಸಂಜೆ ಬಿಸಿಲು ಎಲ್ಲಿಗೆ ಬರುತ್ತದೆಂದು ಬಲ್ಲವರು ಕಟ್ಟಿದ ಗುಡಿ ಅದು. ನಿಮ್ಮ ಅಡುಗೆಮನೆಯ ಗೋಡೆಯ ಮೇಲೆ ಬಿಸಿಲು ಯಾವ ತಿಂಗಳಲ್ಲಿ ಎಲ್ಲಿಗೆ ಬರುತ್ತದೆಂದು ನಿಮಗೆ ಗೊತ್ತಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಮೂರನೆಯ ಹೆಜ್ಜೆ: ಚಿತ್ರ ತೆಗೆಯುವ ಕ್ರಮ

ಏನೋ ಕಣ್ಣಿಗೆ ಬಿದ್ದ ಕೂಡಲೇ ಮೊಬೈಲ್ ಎತ್ತಬೇಡಿ. ಮೊದಲು ನಿಂತು ನೋಡಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಗಮನಿಸಿ, ನಿಮ್ಮನ್ನು ತಡೆದು ನಿಲ್ಲಿಸಿದ್ದು ಏನೆಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಬಣ್ಣವೋ, ಯಾರದೋ ಮುಖಭಾವವೋ, ಎರಡು ವಸ್ತುಗಳು ಪಕ್ಕಪಕ್ಕ ಇದ್ದ ವಿಚಿತ್ರವೋ? ಅದು ಸ್ಪಷ್ಟವಾದ ಮೇಲೆ, ಚೌಕಟ್ಟಿನಲ್ಲಿ ಅದಕ್ಕೆ ಸಂಬಂಧವಿಲ್ಲದ್ದು ಏನೇನಿದೆ ಎಂದು ನಾಲ್ಕೂ ಅಂಚುಗಳಲ್ಲಿ ಕಣ್ಣಾಡಿಸಿ, ಅದನ್ನೆಲ್ಲ ಹೊರಗಿಡುವಂತೆ ಹೆಜ್ಜೆ ಸರಿಸಿ. ಮುಖ್ಯವಾದ ವಸ್ತುವಿನ ಮೇಲೆ ಪರದೆಯನ್ನು ಮುಟ್ಟಿದರೆ ಫೋಕಸ್ ಅಲ್ಲಿಗೆ ಬರುತ್ತದೆ. ಮುಟ್ಟಿದ ಜಾಗದಲ್ಲಿ ಕಾಣುವ ಸೂರ್ಯನ ಗುರುತನ್ನು ತುಸು ಕೆಳಕ್ಕೆ ಜಾರಿಸಿದರೆ ಬಿಳಿಚಿಹೋಗುತ್ತಿದ್ದ ಆಕಾಶವೂ ಬಿಳಿ ಪಂಚೆಯೂ ತಮ್ಮ ವಿವರಗಳನ್ನು ಉಳಿಸಿಕೊಳ್ಳುತ್ತವೆ.

ಒಂದು ಸಂದರ್ಭಕ್ಕೆ ಮೂರು ಚಿತ್ರಗಳಿಗಿಂತ ಹೆಚ್ಚು ತೆಗೆಯಬೇಡಿ, ಮತ್ತು ಅವುಗಳಲ್ಲಿ ಒಂದನ್ನು ಅಂದೇ ಆರಿಸಿ ಉಳಿದವನ್ನು ಅಳಿಸಿಬಿಡಿ. ಈ ಮಾತಿನಲ್ಲಿ ನಾನು ಹಟ ಹಿಡಿಯುತ್ತೇನೆ. ಒಂದು ರೀಲಿನಲ್ಲಿ 36 ಚಿತ್ರಗಳಷ್ಟೇ ಇದ್ದ ಕಾಲದಲ್ಲಿ, ಮದುವೆಮನೆಯಿಂದ ತಿರುಪತಿ ಯಾತ್ರೆಯವರೆಗೆ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕಿದ್ದುದರಿಂದ, ಗುಂಡಿ ಒತ್ತುವ ಮೊದಲೇ ಆಯ್ಕೆ ನಡೆದುಹೋಗಿರುತ್ತಿತ್ತು. ಈಗ ಆಯ್ಕೆಯನ್ನು ಮುಂದಕ್ಕೆ ತಳ್ಳುವುದು ಎಷ್ಟು ಸುಲಭವೆಂದರೆ, ಹಲವರ ಮೊಬೈಲಿನಲ್ಲಿ ಸಾವಿರಾರು ಚಿತ್ರಗಳಿದ್ದರೂ ಇದು ನನ್ನದು ಎಂದು ತೋರಿಸಬಹುದಾದ ಹತ್ತು ಸಿಗುವುದಿಲ್ಲ. ಎರಡು ಒಳ್ಳೆಯ ಚಿತ್ರಗಳಲ್ಲಿ ಒಂದನ್ನು ಬಿಟ್ಟುಕೊಡುವಾಗ ಆಗುವ ಸಣ್ಣ ಸಂಕಟವನ್ನು ದಿನವೂ ಅನುಭವಿಸಿದವರು, ಬಂದ ಕರೆಯೋಲೆಗಳಿಗೆಲ್ಲ ಹೂಂ ಎನ್ನುವ ಅಭ್ಯಾಸವನ್ನೂ ಕ್ರಮೇಣ ಬಿಡುವುದನ್ನು ನಾನು ಕಂಡಿದ್ದೇನೆ.

ನಾಲ್ಕನೆಯ ಹೆಜ್ಜೆ: ಚಿತ್ರದ ಕೆಳಗೆ ಬರೆಯುವ ವಾಕ್ಯ

ಪ್ರತಿ ರಾತ್ರಿ ಐದು ನಿಮಿಷ ಇದಕ್ಕೆ ಮೀಸಲಿಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಾಂಕ, ಜಾಗ, ವೇಳೆಯನ್ನು ನಮೂದಿಸಿ ಒಂದು ವಾಕ್ಯದಲ್ಲಿ ಚಿತ್ರದಲ್ಲಿ ಏನಿದೆ ಎಂದೂ, ಇನ್ನೊಂದರಲ್ಲಿ ಚಿತ್ರದಲ್ಲಿ ಬಾರದೆ ಹೋದದ್ದು ಏನೆಂದೂ ಬರೆಯಿರಿ. ವಾಸನೆ, ಸದ್ದು, ಕೊಟ್ಟ ದುಡ್ಡು, ಪಕ್ಕದವರು ಆಡಿದ ಮಾತು, ನಿಮ್ಮ ಮನಸ್ಸಿನಲ್ಲಿದ್ದ ಕಿರಿಕಿರಿ ಇವೆಲ್ಲ ಈ ಎರಡನೆಯ ವಾಕ್ಯಕ್ಕೆ ಸೇರಿದವು.

ಇಲ್ಲಿ ಬಹಳ ಮಂದಿ ಜಾರುತ್ತಾರೆ. ಪಾಠ ಕಲಿಯಬೇಕೆಂಬ ಉತ್ಸಾಹದಲ್ಲಿ ಸೂರ್ಯೋದಯದ ಚಿತ್ರದ ಕೆಳಗೆ ಪ್ರತಿ ದಿನವೂ ಹೊಸ ಆರಂಭ ಎಂದೋ, ಇರುವೆಯ ಚಿತ್ರದ ಕೆಳಗೆ ಪರಿಶ್ರಮವೇ ಯಶಸ್ಸು ಎಂದೋ ಬರೆದುಬಿಡುತ್ತಾರೆ. ಚಿತ್ರ ತೆಗೆಯುವ ಮೊದಲೇ ಗೊತ್ತಿದ್ದ ಮಾತುಗಳಿವು. ಇವನ್ನು ಬರೆಯಲು ಬೆಳಿಗ್ಗೆ ಎದ್ದು ಹೊರಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಇವುಗಳ ಪಕ್ಕದಲ್ಲಿ ಇಂಥದೊಂದು ಬರಹವನ್ನು ಇಟ್ಟು ನೋಡಿ: ‘ಬೆಳಿಗ್ಗೆ 7.10, ಕಸದ ಆಟೋ. ಹಸಿ ಕಸ, ಒಣ ಕಸ ಒಟ್ಟಿಗೆ ತುಂಬಿದ್ದ ಕಪ್ಪು ಚೀಲವೊಂದನ್ನು ಪೌರಕಾರ್ಮಿಕ ಮಹಿಳೆ ಬರಿಗೈಯಲ್ಲಿ ಬಿಚ್ಚಿ ಬೇರೆ ಮಾಡಿದರು. ಚಿತ್ರದಲ್ಲಿ ಬಾರದ್ದು: ಆ ಚೀಲ ಇಳಿದು ಬಂದದ್ದು ನಮ್ಮ ಕಟ್ಟಡದ ಮೂರನೆಯ ಮಹಡಿಯಿಂದ.’ ಇದರಲ್ಲಿ ಎಲ್ಲಿಯೂ ನೀತಿಯ ಮಾತಿಲ್ಲ. ಆದರೂ ಇದನ್ನು ಬರೆದವರು ಮರುದಿನ ಮೂರನೆಯ ಮಹಡಿಯ ಬಾಗಿಲು ತಟ್ಟದೆ ಇರುವುದು ಕಷ್ಟ. ವಾಕ್ಯದಲ್ಲಿ ಗುಣವಾಚಕಗಳು ಕಡಿಮೆಯಾಗಿ ನಾಮಪದ, ಕ್ರಿಯಾಪದಗಳು ಹೆಚ್ಚಾದಷ್ಟೂ ಅದರಿಂದ ಕಲಿಯುವುದು ಹೆಚ್ಚಾಗುತ್ತದೆ. ಯಾವ ಪಾಠವೂ ಹೊಳೆಯದ ದಿನ ಕಂಡದ್ದನ್ನಷ್ಟೇ ಬರೆದು ಪುಸ್ತಕ ಮುಚ್ಚಿ. ಅದು ತಿಂಗಳ ಕೊನೆಯಲ್ಲಿ ಬೇರೆ ಚಿತ್ರಗಳ ಜೊತೆ ಸೇರಿ ಅರ್ಥವಾಗಬಹುದು.

ಐದನೆಯ ಹೆಜ್ಜೆ: ಜನರ ಚಿತ್ರ, ಜನರ ಒಪ್ಪಿಗೆ

ಮರ, ಗೋಡೆ, ಬೆಕ್ಕುಗಳ ಚಿತ್ರಗಳಲ್ಲೇ ಕೆಲವು ವಾರ ಕಳೆದ ಮೇಲೆ ಜನರ ಹತ್ತಿರ ಹೋಗಬೇಕು. ಗಾಂಧಿ ಬಜಾರಿನಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಒಬ್ಬ ಹಿರಿಯ ಹೆಂಗಸನ್ನು, ‘ಅಮ್ಮ, ನೀವು ಹೂ ಕಟ್ಟೋದನ್ನ ಒಂದು ಫೋಟೋ ತಗೊಳ್ಳಲಾ?’ ಎಂದು ಕೇಳಿದೆ. ‘ಇರಪ್ಪ, ಈ ಕಾಕಡ ಮುಗೀಲಿ. ಮಲ್ಲಿಗೆ ಕಟ್ಟುವಾಗ ತಗೋ, ಅದು ಚೆನ್ನಾಗಿರುತ್ತೆ’ ಎಂದರು. ನಾನು ಕಾದೆ. ಎಡಗೈಯಲ್ಲಿ ಎರಡು ಮೊಗ್ಗು, ಅವುಗಳಿಗೆ ಎದುರಾಗಿ ಮತ್ತೆರಡು, ಬಲಗೈ ದಾರವನ್ನು ಸುತ್ತಿ ಗಂಟಿನೊಳಗೆ ಎಳೆಯುವುದು. ಇಷ್ಟೂ ನಡೆಯುತ್ತಿರುವಾಗ ಅವರ ಕಣ್ಣು ಮಾತ್ರ ಗಿರಾಕಿಗಳ ಮೇಲೆ. ಮೊಳ ಎಷ್ಟೆಂದು ಕೇಳಿದವರಿಗೆ ಬೆಲೆ ಹೇಳುತ್ತಾರೆ, ಚಿಲ್ಲರೆ ಎಣಿಸುತ್ತಾರೆ, ಕೈ ತನ್ನ ಪಾಡಿಗೆ ತಾನು ಕಟ್ಟುತ್ತಲೇ ಇರುತ್ತದೆ.

ರಾತ್ರಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಅವರ ತೋರುಬೆರಳಿಗೆ ಹಳೆಯ ಸೀರೆಯ ಸಣ್ಣ ಚೂರೊಂದು ಸುತ್ತಿದ್ದುದು ಕಂಡಿತು. ಅಷ್ಟು ಹೊತ್ತು ಎದುರಿಗೇ ನಿಂತಿದ್ದರೂ ನನಗೆ ಹೂವಷ್ಟೇ ಕಂಡಿತ್ತು, ಬೆರಳು ಕಂಡಿರಲಿಲ್ಲ. ಮಾರನೆಯ ದಿನ ಕೇಳಿದ್ದಕ್ಕೆ, ‘ದಾರ ಕುಯ್ಯುತ್ತಪ್ಪ, ಚಳಿ ಬಂದ್ರೆ ಇನ್ನೂ ಜಾಸ್ತಿ’ ಎಂದು ಬೆರಳು ಚಾಚಿ ತೋರಿಸಿದರು. ಹೂವಿನ ಬೆಲೆಯನ್ನು ಚೌಕಾಸಿ ಮಾಡುವ ಮನಸ್ಸು ಅಂದಿನಿಂದ ನನಗೆ ಬಂದಿಲ್ಲ. ಒಪ್ಪಿಗೆ ಕೇಳಿದರೆ ಸಹಜತೆ ಕೆಟ್ಟುಹೋಗುತ್ತದೆ ಎಂಬ ವಾದವನ್ನು ಛಾಯಾಗ್ರಾಹಕರ ನಡುವೆ ಆಗಾಗ ಕೇಳುತ್ತೇವೆ. ಕೇಳಿ, ಒಪ್ಪಿಗೆ ಪಡೆದು, ಹತ್ತು ನಿಮಿಷ ಅಲ್ಲೇ ಇದ್ದರೆ ಜನ ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತಾರೆ, ಸಹಜತೆಯೂ ಮರಳುತ್ತದೆ. ಜೊತೆಗೆ ತಮ್ಮನ್ನು ಹೇಗೆ ತೋರಿಸಬೇಕೆಂಬ ವಿಷಯದಲ್ಲಿ ಅವರದೂ ಒಂದು ಮಾತು ಇರುತ್ತದೆ.

ಬೇಡ ಎಂದವರಿಗೆ ಕೈಮುಗಿದು ಮುಂದೆ ಹೋಗಿ, ಕಾರಣ ಕೇಳಬೇಡಿ. ಮಕ್ಕಳ ಚಿತ್ರವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ತೆಗೆಯಬಾರದು. ಆಸ್ಪತ್ರೆಯಲ್ಲಿರುವವರು, ರಸ್ತೆಬದಿಯಲ್ಲಿ ಮಲಗಿದವರು, ಅಪಘಾತಕ್ಕೆ ಸಿಕ್ಕವರು ನಿಮ್ಮ ದಿನದ ಚಿತ್ರಕ್ಕೆ ವಸ್ತುವಲ್ಲ. ಗರ್ಭಗುಡಿ, ಸೈನ್ಯಕ್ಕೆ ಸೇರಿದ ಆವರಣ, ನಿಷೇಧದ ಫಲಕವಿರುವ ಕಟ್ಟಡಗಳಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ. ನಸುಕಿನ ಕೆ.ಆರ್. ಮಾರುಕಟ್ಟೆಗೆ ಹೋಗುವುದಾದರೆ, ತಲೆಯ ಮೇಲೆ ಹೊರೆ ಹೊತ್ತು ಓಡುವವರ ದಾರಿಗೆ ಅಡ್ಡವಾಗದಂತೆ ಬದಿಯಲ್ಲಿ ನಿಲ್ಲುವುದನ್ನು ಮೊದಲು ಕಲಿಯಬೇಕು.

ಆರನೆಯ ಹೆಜ್ಜೆ: ಒಂದೇ ಮರ, ಇಡೀ ವರ್ಷ

ದಿನದ ಚಿತ್ರಗಳ ನಡುವೆ ವಾರಕ್ಕೊಂದನ್ನು ಒಂದೇ ವಸ್ತುವಿಗೆ ಮೀಸಲಿಡಿ. ಬೆಂಗಳೂರಿನಲ್ಲಿ ಅದಕ್ಕೆ ಮರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಡಿಸೆಂಬರ್, ಜನವರಿಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಫೆಬ್ರವರಿ ಮಾರ್ಚಿನಲ್ಲಿ ಹಳದಿ ಟಬೂಬಿಯಾ, ಅದರ ಹಿಂದೆಯೇ ನೇರಳೆಯ ಜಕರಾಂಡ, ಬೇಸಿಗೆಯಲ್ಲಿ ಗುಲ್‌ಮೊಹರ್, ಮಳೆಗಾಲ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ. ಹೀಗೆ ನಮ್ಮ ರಸ್ತೆಗಳಲ್ಲಿ ಹೂವಿನ ಸರದಿ ನಡೆಯುತ್ತಿರುತ್ತದೆ.

ಆದರೆ ನನ್ನ ಸಲಹೆ ಹೊಂಗೆಮರ. ಕಾಂಪೌಂಡಿನ ಯಾವುದಾದರೊಂದು ಕಂಬವನ್ನು ಗುರುತಾಗಿ ಇಟ್ಟುಕೊಂಡು ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು, ಮೊಬೈಲನ್ನು ಅದೇ ಎತ್ತರದಲ್ಲಿ ಹಿಡಿಯಿರಿ. ಚಳಿಗಾಲದ ಕೊನೆಗೆ ಎಲೆಗಳು ಹಳದಿಯಾಗಿ ಉದುರುತ್ತವೆ, ಯುಗಾದಿಯ ಸುಮಾರಿಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಎಳೆಹಸಿರು ಬರುತ್ತದೆ, ಆಮೇಲೆ ಕೆನ್ನೀಲಿ ಮಿಶ್ರಿತ ಬಿಳಿಯ ಪುಟ್ಟ ಹೂಗಳು ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆಲ್ಲ ಸುರಿಯುತ್ತವೆ. ಒಂದು ವಾರದ ಚಿತ್ರಕ್ಕೂ ಮುಂದಿನ ವಾರದ ಚಿತ್ರಕ್ಕೂ ವ್ಯತ್ಯಾಸ ಕಾಣದೆ ಬೇಸರ ಬರುವ ದಿನಗಳು ಬೇಕಾದಷ್ಟಿವೆ. ಮಗುವಿನ ಓದು, ವಯಸ್ಸಾದ ತಂದೆಯ ಮೊಣಕಾಲು ನೋವು, ನಿಮ್ಮದೇ ಸಂಗೀತದ ಅಭ್ಯಾಸ ಇವುಗಳಲ್ಲಿ ವಾರವಾರವೂ ಏನೂ ಆಗುತ್ತಿಲ್ಲವೆಂದು ಅನ್ನಿಸುವಾಗ ಆ ಹೊಂಗೆಯ ಐವತ್ತೆರಡು ಚಿತ್ರಗಳನ್ನು ತೆರೆದು ನೋಡಬೇಕು. ರಸ್ತೆ ಅಗಲ ಮಾಡಲು ಮರವನ್ನು ಕಡಿದುಬಿಟ್ಟರೆ, ಮರವಿಲ್ಲದ ಆ ಜಾಗವನ್ನೂ ಅಲ್ಲೇ ನಿಂತು ವರ್ಷ ಮುಗಿಯುವವರೆಗೆ ಚಿತ್ರೀಕರಿಸಿ.

ಏಳನೆಯ ಹೆಜ್ಜೆ: ತಿಂಗಳ ಅವಲೋಕನ

ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಆ ತಿಂಗಳ ಚಿತ್ರಗಳೆಲ್ಲ ಒಟ್ಟಿಗೆ ಕಾಣುವಂತೆ ಕಂಪ್ಯೂಟರ್ ಪರದೆಯ ಮೇಲೆ ಹರಡಿ. ಯಾವುದು ಚೆನ್ನಾಗಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಎಣಿಸಲು ಆರಂಭಿಸಿ. ಮನುಷ್ಯರಿರುವ ಚಿತ್ರಗಳು ಎಷ್ಟು? ಅವರಲ್ಲಿ ಹೆಸರು ಗೊತ್ತಿರುವವರು ಎಷ್ಟು ಮಂದಿ? ಮನೆಯೊಳಗೆ ತೆಗೆದವು ಎಷ್ಟು? ನಿಂತು, ಕಣ್ಣಿನ ಎತ್ತರದಲ್ಲೇ ತೆಗೆದವು ಎಷ್ಟು, ಕೂತು ಅಥವಾ ಬಗ್ಗಿ ತೆಗೆದವು ಎಷ್ಟು? ಊಟ ಎಷ್ಟು ಸಲ ಬಂದಿದೆ, ಅಡುಗೆ ಮಾಡಿ ಬಡಿಸಿದವರು ಎಷ್ಟು ಸಲ ಬಂದಿದ್ದಾರೆ?

ಈ ಎಣಿಕೆ ಹಲವರನ್ನು ತಡೆದು ನಿಲ್ಲಿಸುತ್ತದೆ. ಕುಟುಂಬವೇ ಸರ್ವಸ್ವವೆಂದು ಹೇಳುತ್ತಿದ್ದ ನನ್ನ ಗೆಳೆಯರೊಬ್ಬರ ಒಂದು ತಿಂಗಳ ಚಿತ್ರಗಳಲ್ಲಿ ಮನೆಯವರು ಎಲ್ಲಿಯೂ ಇರಲಿಲ್ಲ. ಆಫೀಸಿನ ಕಿಟಕಿ, ದರ್ಶಿನಿಯ ದೋಸೆ, ಹೊರವರ್ತುಲ ರಸ್ತೆಯ ಸಂಜೆ ಇವೇ ತುಂಬಿದ್ದವು. ಅವರು ಮರುತಿಂಗಳಿಗೆ ಮಾಡಿಕೊಂಡ ನಿಯಮ ಬಹಳ ಸರಳವಾದದ್ದು. ವಾರದಲ್ಲಿ ಮೂರು ಚಿತ್ರ ಮನೆಯೊಳಗಿನದಾಗಿರಬೇಕು, ಅದಕ್ಕಾಗಿ ಆ ಮೂರು ದಿನ ಬೆಳಕಿರುವಾಗಲೇ ಮನೆಗೆ ಬರಬೇಕು. ಅವಲೋಕನದಿಂದ ಹೊರಡುವ ನಿರ್ಣಯಗಳು ಹೀಗಿರಬೇಕು: ಚಿತ್ರಕ್ಕೆ ಸಂಬಂಧಿಸಿದ ಒಂದು ಸಣ್ಣ ಕಟ್ಟುಪಾಡು, ಅದರಿಂದಾಗಿ ದಿನಚರಿಯಲ್ಲಿ ತಾನಾಗಿ ಆಗುವ ಒಂದು ಬದಲಾವಣೆ. ಎಲ್ಲವೂ ನಿಂತ ಎತ್ತರದಿಂದ ತೆಗೆದವೇ ಆಗಿದ್ದರೆ ಮುಂದಿನ ತಿಂಗಳು ಕೂತು ತೆಗೆಯಿರಿ. ಮಗುವಿನ ಕಣ್ಣಿಗೆ ನಮ್ಮ ಊಟದ ಮೇಜು ಎಷ್ಟು ಎತ್ತರವೆಂಬುದು ಆಗ ತಿಳಿಯುತ್ತದೆ. ಒಂದು ತಿಂಗಳಿಗೆ ಒಂದೇ ನಿರ್ಣಯ ಸಾಕು.

ತಪ್ಪಿದ ದಿನಗಳು, ಮಳೆಯ ದಿನಗಳು

ಒಂದು ದಿನ ತಪ್ಪಿದರೆ ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು ಜಾಗ ಖಾಲಿ ಬಿಡಿ. ಮರುದಿನ ಎರಡು ತೆಗೆದು ಲೆಕ್ಕ ಸರಿಮಾಡುವುದು ಬೇಡ, ಖಾಲಿ ಜಾಗವೂ ಆ ದಿನದ ಬಗ್ಗೆ ಏನನ್ನೋ ಹೇಳುತ್ತಿರುತ್ತದೆ. ಜ್ವರ ಬಂದಾಗ ಹಾಸಿಗೆಯಿಂದ ಕಾಣುವ ಕಿಟಕಿ ಸಾಕು. ಮನೆಯಲ್ಲಿ ಸಾವು ಸಂಭವಿಸಿದಾಗ ಕ್ಯಾಮೆರಾ ಮುಟ್ಟಬೇಕಾಗಿಲ್ಲ. ಮಳೆಗಾಲದಲ್ಲಿ ಮೊಬೈಲನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಯ್ಯಿರಿ. ಒದ್ದೆ ಡಾಂಬರಿನ ಮೇಲೆ ಅಂಗಡಿ ದೀಪಗಳು ಪ್ರತಿಫಲಿಸುವ ಸಂಜೆಗಳನ್ನು ತಪ್ಪಿಸಿಕೊಳ್ಳಬೇಡಿ.

ಇದೇ ಚಿತ್ರಗಳಿಂದ ದಣಿವಾದಾಗ ಬೇರೆಯವರ ಚಿತ್ರಗಳನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಚಿತ್ರಕಲಾ ಪರಿಷತ್ತು ನಮ್ಮ ಊರಿನಲ್ಲೇ ಇವೆ. ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಟಿ.ಎನ್.ಎ. ಪೆರುಮಾಳ್ ಈ ಊರಿನವರೇ ಆಗಿದ್ದರು. ಅವರ ಚಿತ್ರಗಳ ಮುಂದೆ ನಿಂತಾಗ, ಆ ಒಂದು ಕ್ಷಣಕ್ಕಾಗಿ ಎಷ್ಟು ಹೊತ್ತು ಕಾಯಬೇಕಾಗಿರಬಹುದು ಎಂದು ಊಹಿಸಿಕೊಂಡು ನೋಡಿ.

ಎಂಟನೆಯ ಹೆಜ್ಜೆ: ಕಾಪಾಡುವುದು, ಮುದ್ರಿಸುವುದು, ಹಂಚುವುದು

ಆರಿಸಿದ ಚಿತ್ರದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬದಲಾಯಿಸಿದರೆ ಕಡತಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಒಂದು ಚಿತ್ರಕ್ಕೆ 4 ಎಂಬಿ ಎಂದು ಹಿಡಿದರೂ 365 ಚಿತ್ರಗಳಿಗೆ ಬೇಕಾಗುವುದು ಸುಮಾರು ಒಂದೂವರೆ ಜಿಬಿ ಮಾತ್ರ. ಆದ್ದರಿಂದ ಮೊಬೈಲಿನ ಹೊರಗೆ ಎರಡು ಪ್ರತಿ ಇಡಲು ಖರ್ಚಿನ ನೆಪ ಹೇಳುವಂತಿಲ್ಲ. ಒಂದು ಮನೆಯ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರುವ ಪೆನ್‌ಡ್ರೈವಿನಲ್ಲೋ ಕ್ಲೌಡಿನಲ್ಲೋ ಇರಲಿ.

ತಿಂಗಳಿಗೊಂದರಂತೆ ಹನ್ನೆರಡು ಚಿತ್ರಗಳನ್ನು ಮುದ್ರಿಸಿ. ಮೊಬೈಲಿನ ಚಿತ್ರದ ಅನುಪಾತ ಸಾಮಾನ್ಯವಾಗಿ 4:3 ಇರುತ್ತದೆ, ಸ್ಟುಡಿಯೋದ 4×6 ಇಂಚಿನ ಕಾಗದದ್ದು 3:2. ಹಾಗೆಯೇ ಕೊಟ್ಟರೆ ಅಡ್ಡ ಚಿತ್ರದ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿಹೋಗುತ್ತದೆ. ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರವನ್ನು ಹಾಕಿಕೊಡಿ ಎಂದು ಮೊದಲೇ ಹೇಳಿ. ಬೆರಳಿನ ಗುರುತು ಕಡಿಮೆ ಕಾಣುವ ಮ್ಯಾಟ್ ಕಾಗದ ಕೇಳಿ ಪಡೆಯಿರಿ. ನಿಮ್ಮ ಚಿತ್ರದಲ್ಲಿ ಬಂದ ಪ್ರತಿಯೊಬ್ಬರಿಗೂ ಅವರ ಪ್ರತಿಯನ್ನು ಕೈಯಾರೆ ಕೊಂಡುಹೋಗಿ ಕೊಡಿ, ವಾಟ್ಸಾಪಿನಲ್ಲಿ ಕಳಿಸಿ ಮುಗಿಸಬೇಡಿ. ಹಿಂಬದಿಯಲ್ಲಿ ದಿನಾಂಕ ಮತ್ತು ಜಾಗವನ್ನು ಬರೆಯಲು ಸಣ್ಣ ಮೊನೆಯ ಮಾರ್ಕರ್ ಬಳಸಿ, ಶಾಯಿ ಪೂರ್ತಿ ಒಣಗಿದ ಮೇಲೆ ಲಕೋಟೆಗೆ ಹಾಕಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅದರ ಗೆರೆ ಮುಂಬದಿಯಲ್ಲಿ ಮೂಡುತ್ತದೆ.